ಹಸಿರು ಚಹಾ: ಜಪಾನಿನ ಎಲೆ, ನೀಲಗಿರಿಯ ಎಲೆ

ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಭಕ್ತರು ಉದಕಮಂಡಲಕ್ಕೆ ಹೋಗಿಬಂದರೆಂದರೆ ಅವರ ಚೀಲದಲ್ಲಿ ಮೂರು ವಸ್ತುಗಳು ಇದ್ದೇ ಇರುತ್ತವೆ: ಊಟಿ ವರ್ಕಿ, ನೀಲಗಿರಿ ಎಣ್ಣೆಯ ಸೀಸೆ ಮತ್ತು ಚಹಾ ಪೊಟ್ಟಣ. ಹಿಂದೆ ಆ ಪೊಟ್ಟಣದಲ್ಲಿ ಕಪ್ಪು ಚಹಾಪುಡಿ ಇರುತ್ತಿತ್ತು. ಕೆಲವು ವರ್ಷಗಳಿಂದ ಅದರ ಜಾಗಕ್ಕೆ ಹಸಿರು ಚಹಾ ಬಂದಿದೆ. ತಂದವರು ಪೊಟ್ಟಣವನ್ನು ಮುಂದೆ ಹಿಡಿದು ಎರಡು ಪ್ರಶ್ನೆ ಕೇಳುತ್ತಾರೆ. ಇದು ಒಳ್ಳೆಯ ಮಾಲೇ? ಇದನ್ನು ಕುಡಿದರೆ ಸಕ್ಕರೆ ಕಾಯಿಲೆ, ಬೊಜ್ಜು ಇಳಿಯುತ್ತವೆಯೇ? ಈಚೆಗೆ ಮೂರನೆಯದೊಂದು ಪ್ರಶ್ನೆಯೂ ಸೇರಿಕೊಂಡಿದೆ: ಜಪಾನಿನದು ಇದಕ್ಕಿಂತ ಬಹಳ ಮೇಲಂತೆ, ತರಿಸಿಕೊಳ್ಳಬಹುದೇ?

ಈ ಪ್ರಶ್ನೆಗಳಿಗೆ ಪೊಟ್ಟಣದ ಮೇಲಿನ ಬರಹದಲ್ಲಿ ಉತ್ತರವಿಲ್ಲವೆಂಬುದನ್ನು ನಾನು ಅನುಭವದಿಂದಲೇ ಕಲಿತೆ. ಒಮ್ಮೆ ಊಟಿಯಿಂದ ಇಳಿದು ಬರುವಾಗ, ರಾತ್ರಿ 9 ಗಂಟೆಯೊಳಗೆ ಬಂಡೀಪುರದ ಗೇಟು ದಾಟಬೇಕೆಂಬ ಆತುರದಲ್ಲಿ, ರಸ್ತೆಬದಿಯ ಅಂಗಡಿಯೊಂದರಲ್ಲಿ ಅರ್ಧ ಕಿಲೋ ಹಸಿರು ಚಹಾ ಕೊಂಡೆ. ಪೊಟ್ಟಣದ ಮೇಲೆ ಜಪಾನಿ ಮಾದರಿಯೆಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮನೆಗೆ ಬಂದು ಬಿಚ್ಚಿ ನೋಡಿದರೆ ಎಲೆ ಕಂದುಬಣ್ಣಕ್ಕೆ ತಿರುಗಿತ್ತು, ಒಣಹುಲ್ಲಿನ ವಾಸನೆ ಬರುತ್ತಿತ್ತು. ಕುದಿಸಿ ಕುಡಿದಾಗ ಬೇವಿನ ಕಷಾಯಕ್ಕೂ ಅದಕ್ಕೂ ಹೆಚ್ಚಿನ ಅಂತರ ಕಾಣಲಿಲ್ಲ. ಹಸಿರು ಚಹಾ ಎಂದರೆ ಹೀಗೆಯೇ ಇರುತ್ತದೆ, ಆರೋಗ್ಯಕ್ಕಾಗಿ ಸಹಿಸಿಕೊಳ್ಳಬೇಕು ಎಂದು ಕೆಲವು ವಾರ ಸಹಿಸಿಕೊಂಡೆ. ಅನಂತರ ಜಪಾನಿನಲ್ಲಿ ಉದ್ಯೋಗದಲ್ಲಿರುವ ನಮ್ಮೂರಿನ ಯುವಕನೊಬ್ಬ ರಜೆಗೆ ಬಂದಾಗ ಒಂದು ಸಣ್ಣ ಡಬ್ಬಿ ಚಹಾ ತಂದುಕೊಟ್ಟ. ಅದನ್ನು ಕುದಿಸಬಾರದೆಂದೂ ತಾನೇ ಮಾಡಿ ತೋರಿಸುವೆನೆಂದೂ ಹೇಳಿ, ನೀರನ್ನು ಒಲೆಯಿಂದ ಇಳಿಸಿ ಆರಿಸಿ ಎಲೆಯ ಮೇಲೆ ಹೊಯ್ದ. ಲೋಟದಿಂದ ಎದ್ದ ಪರಿಮಳ ಪುಷ್ಯಮಾಸದ ಅಡುಗೆಮನೆಯದು: ಎಳೆ ಅವರೆಕಾಳು ಬೇಯುವಾಗಿನ ಸೊಗಡು. ಎರಡು ಪೊಟ್ಟಣಗಳಲ್ಲಿದ್ದುದೂ ಒಂದೇ ಜಾತಿಯ ಗಿಡದ ಎಲೆಯೆಂದು ನಂಬುವುದೇ ಕಷ್ಟವಾಯಿತು.

ಆದರೆ ಗಿಡ ಒಂದೇ. ಕಪ್ಪು ಚಹಾ, ಹಸಿರು ಚಹಾ, ಊಲಾಂಗ್ ಎಲ್ಲವೂ ಕಮೇಲಿಯಾ ಸೈನೆನ್ಸಿಸ್ ಎಂಬ ಒಂದೇ ಸಸ್ಯದ ಚಿಗುರಿನಿಂದ ಆಗುವಂಥವು. (ತುಳಸಿ ಚಹಾ, ದಾಸವಾಳದ ಚಹಾ ಎಂದು ಮಾರುವವು ಈ ಗಿಡಕ್ಕೆ ಸಂಬಂಧಪಟ್ಟವಲ್ಲ, ಅವು ನಮ್ಮ ಅಜ್ಜಿಯರ ಕಷಾಯದ ಬಂಧುಗಳು.) ಕೊಯ್ದ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ಎಲೆಯೊಳಗಿನ ಕಿಣ್ವಗಳು ಕೆಲಸ ಮಾಡಿ ಅದನ್ನು ಕಪ್ಪಾಗಿಸುತ್ತವೆ. ಕೊಯ್ದ ಕೂಡಲೇ ಶಾಖ ಕೊಟ್ಟು ಆ ಕಿಣ್ವಗಳನ್ನು ಅಡಗಿಸಿಬಿಟ್ಟರೆ ಹಸಿರು ಹಸಿರಾಗಿಯೇ ಉಳಿಯುತ್ತದೆ. ಅರಿಶಿನ ಬೆಳೆಯುವ ನಮ್ಮ ತಾಲ್ಲೂಕುಗಳ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಿತ್ತ ಅರಿಶಿನವನ್ನು ತಡಮಾಡದೆ ಬೇಯಿಸಬೇಕು, ಹದ ತಪ್ಪಿದರೆ ಬಣ್ಣವೂ ಬೆಲೆಯೂ ಇಳಿಯುತ್ತವೆ ಎಂಬುದು ಅವರ ನಿತ್ಯದ ತಿಳಿವಳಿಕೆ. ಹಸಿರು ಚಹಾದ ಗುಣಮಟ್ಟದ ಮೊದಲ ಪಾಠವೂ ಇದೇ.

ಆ ಶಾಖವನ್ನು ಕೊಡುವ ಬಗೆ ಎರಡು. ಚೀನೀಯರು ಹೆಚ್ಚಾಗಿ ಎಲೆಯನ್ನು ಬಿಸಿ ಬಾಣಲೆಯಲ್ಲಿ ಹುರಿಯುತ್ತಾರೆ. ಅದರಿಂದ ಹುರಿದ ಕಡಲೆಯಂಥ ಪರಿಮಳ ಬರುತ್ತದೆ. ಜಪಾನೀಯರು ನಾವು ಇಡ್ಲಿ ಬೇಯಿಸುವಂತೆ ಹಬೆಯಲ್ಲಿ ಹಾಯಿಸುತ್ತಾರೆ. ಅವರ ಸಾಮಾನ್ಯ ಚಹಾಕ್ಕೆ 30–40 ಸೆಕೆಂಡುಗಳ ಹಬೆ ಸಾಕು. ಒಂದರಿಂದ ಎರಡು ನಿಮಿಷದವರೆಗೆ ಹಬೆ ಕೊಟ್ಟದ್ದನ್ನು ಫುಕಮುಶಿ ಎನ್ನುತ್ತಾರೆ. ಎಲೆ ಮೆತ್ತಗಾಗಿ ಪುಡಿಯಾಗುತ್ತದೆ, ಪಾನೀಯ ದಟ್ಟ ಹಸಿರಾಗಿ ಕಲಕಿದಂತೆ ಕಾಣುತ್ತದೆ, ಒಗರು ತಗ್ಗುತ್ತದೆ. ಕೆಲವೇ ಸೆಕೆಂಡುಗಳ ಈ ಅಂತರ ರುಚಿಯನ್ನು ಇಷ್ಟು ಬದಲಿಸುತ್ತದೆ.

ಜಪಾನಿನ ವಿಷಯಕ್ಕೆ ಹೋಗುವ ಮೊದಲು ನಮ್ಮ ನೆರೆಯ ಬೆಟ್ಟದ ಮಾತನ್ನಾಡುವುದು ಉಚಿತ. ನೀಲಗಿರಿ ನಮಗೆ ಪರಸ್ಥಳವಲ್ಲ. ನೀಲಗಿರಿಯ ಹಾಗೂ ಅಲ್ಲಿನ ತೋಡರ ಬಹು ಹಳೆಯ ಉಲ್ಲೇಖ ದೊರೆಯುವುದು 1117ರ ಶಾಸನದಲ್ಲಿ. ವಿಷ್ಣುವರ್ಧನನ ದಂಡನಾಯಕ ಪುಣಿಸನ ವಿಜಯಗಳನ್ನು ಹೇಳುವ ಆ ಕಲ್ಲು ಇರುವುದು ಹಿಂದೆ ಅರಿಕುಠಾರವೆನಿಸಿದ್ದ ಚಾಮರಾಜನಗರದಲ್ಲಿಯೇ. ಇಂದು ಆ ಬೆಟ್ಟಗಳಲ್ಲಿ ಸಣ್ಣ ಹಿಡುವಳಿಗಳಲ್ಲಿ ಚಹಾ ಬೆಳೆಯುವವರಲ್ಲಿ ಬಡಗರೇ ಬಹುಸಂಖ್ಯೆಯಲ್ಲಿದ್ದಾರೆ. ತಮ್ಮ ಪೂರ್ವಿಕರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂಬುದು ಅವರ ಪರಂಪರೆಯ ನಂಬಿಕೆ. ಅವರಾಡುವ ಬಡಗ ನುಡಿ ಕನ್ನಡಕ್ಕೆ ತೀರ ಸಮೀಪದ್ದು. ಅವರಲ್ಲಿ ಒಡೆಯರೆಂಬ ಪಂಗಡದವರು ಲಿಂಗವಂತರು.

ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರ ಪ್ರಯೋಗವಾಗಿ ಆರಂಭವಾದ ನೀಲಗಿರಿಯ ಚಹಾ ಬೇಸಾಯ ಇಂದು ಬಹುಮಟ್ಟಿಗೆ ಕಪ್ಪು ಚಹಾದ ಬೇಸಾಯ. ಅದರಲ್ಲೂ ಎಲೆಯನ್ನು ಯಂತ್ರದ ಹಲ್ಲುಗಳಲ್ಲಿ ಅರೆದು, ಹರಿದು, ಗುಂಡುಗುಂಡಾಗಿಸುವ ಸಿ.ಟಿ.ಸಿ. ವಿಧಾನದ್ದೇ ಮೇಲುಗೈ, ಹಾಲು ಸಕ್ಕರೆ ಹಾಕಿ ಕುದಿಸುವ ನಮ್ಮ ಟೀಗೆ ಹೊಂದುವುದು ಅದೇ. ಹಸಿರು ಚಹಾ ಮಾಡುವ ಕಾರ್ಖಾನೆಗಳು ಕೆಲವೇ. ಕೆಲವರು ಹಬೆ ಕೊಡುತ್ತಾರೆ, ಕೆಲವರು ಬಿಸಿ ಲೋಹದ ಉರುಳೆಯಲ್ಲಿ ಹುರಿಯುತ್ತಾರೆ. ಒಳ್ಳೆಯ ಕಾರ್ಖಾನೆಯ ಇಡಿಯೆಲೆಯ ಹಸಿರು ಚಹಾ ನಿಜಕ್ಕೂ ಒಳ್ಳೆಯದಾಗಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕೊರೆಯುವ ಚಳಿಯಲ್ಲಿ ಗಿಡ ನಿಧಾನವಾಗಿ ಬೆಳೆದಾಗ ಕಿತ್ತ ಎಲೆಗೆ ವಿಶೇಷ ಪರಿಮಳವಿರುತ್ತದೆ. ಅದನ್ನು ಹಿಮದ ಚಹಾ ಎಂಬರ್ಥದಲ್ಲಿ ಫ್ರಾಸ್ಟ್ ಟೀ ಎಂದು ಕರೆಯುತ್ತಾರೆ. ಆದರೆ ರಸ್ತೆಬದಿಯ ಅಂಗಡಿಗೆ ಬರುವುದು ಸಾಮಾನ್ಯವಾಗಿ ಇದಲ್ಲ. ಹಸಿರೆಲೆಗೆ ಸಿಗುವ ಬೆಲೆ ಕೂಲಿಗೂ ಸಾಲದೆಂಬುದು ಬೆಟ್ಟದ ಸಣ್ಣ ಬೆಳೆಗಾರರ ಬಹುಕಾಲದ ಅಳಲು. ಬೆಲೆಯಿಲ್ಲದ ಕಡೆ ಎರಡೆಲೆ ಒಂದು ಮೊಗ್ಗನ್ನೇ ಆಯ್ದು ಕೀಳುವ ತಾಳ್ಮೆ ಯಾರಿಗೆ ಬಂದೀತು?

ಇನ್ನು ಜಪಾನ್. ಅಲ್ಲಿ ಚಹಾ ಬೇರೂರಿದ ಕಥೆ ಆರೋಗ್ಯದ ಕಥೆಯೂ ಹೌದು, ಮಠಗಳ ಕಥೆಯೂ ಹೌದು. ಚೀನಾದಲ್ಲಿ ಅಧ್ಯಯನ ಮಾಡಿ 1191ರಲ್ಲಿ ಮರಳಿದ ಐಸಾಯ್ ಎಂಬ ಬೌದ್ಧ ಸನ್ಯಾಸಿ ತನ್ನೊಂದಿಗೆ ಚಹಾ ಬೀಜಗಳನ್ನು ತಂದನೆಂದು ಪ್ರತೀತಿ. 1211ರಲ್ಲಿ ಆತ ಚಹಾ ಸೇವಿಸಿ ಆಯುರಾರೋಗ್ಯ ಕಾಪಾಡಿಕೊಳ್ಳುವುದನ್ನು ಕುರಿತು ‘ಕಿಸ್ಸ ಯೋಜೋಕಿ’ ಎಂಬ ಗ್ರಂಥವನ್ನೇ ಬರೆದ. ಧ್ಯಾನಕ್ಕೆ ಕುಳಿತವರಿಗೆ ತೂಕಡಿಕೆ ಬಾರದಿರಲೆಂದು ಆಶ್ರಮಗಳಲ್ಲಿ ಕುಡಿಯುತ್ತಿದ್ದುದು ಎಲೆಯನ್ನು ಪುಡಿಮಾಡಿ ಬಿಸಿನೀರಿನಲ್ಲಿ ಕಲಕಿದ ಚಹಾ. ಇಂದು ಬೆಂಗಳೂರು, ಮೈಸೂರುಗಳಲ್ಲಿ ಯುವಜನ ಮಾಚಾ ಎಂದು ಮುಗಿಬೀಳುತ್ತಿರುವ ಪಾನೀಯದ ಮೂಲ ಅದು. ಎಲೆಯನ್ನು ಹಬೆಯಲ್ಲಿಟ್ಟು, ಕೈಯಲ್ಲಿ ಹೊಸೆಯುತ್ತ ಒಣಗಿಸಿ, ಅದರ ತಿಳಿಯನ್ನು ಮಾತ್ರ ಬಸಿದು ಕುಡಿಯುವ ಕ್ರಮವನ್ನು 1738ರಲ್ಲಿ ಉಜಿ ಸೀಮೆಯ ನಗತಾನಿ ಸೋಯೆನ್ ಎಂಬಾತ ರೂಪಿಸಿದ. ಸೆಂಚ ಎಂಬ ಆ ಬಗೆಯೇ ಇಂದಿಗೂ ಜಪಾನಿನಲ್ಲಿ ಅತ್ಯಧಿಕವಾಗಿ ತಯಾರಾಗುವುದು. ನಮ್ಮ ಯುವಕ ತಂದದ್ದೂ ಅದೇ.

ಜಪಾನೀ ಚಹಾದ ಬಗೆಗಳ ಹೆಸರು ಕೇಳಿದರೆ ತಲೆ ತಿರುಗುತ್ತದೆ. ಆದರೆ ಮೂರು ಸಂಗತಿ ಹಿಡಿದರೆ ಗೊಂದಲ ಬಹುಪಾಲು ಬಿಡಿಸಿಕೊಳ್ಳುತ್ತದೆ: ನೆರಳು, ಋತು, ಸೀಮೆ.

ನೆರಳಿನ ವಿಚಾರ ಅತ್ಯಂತ ಕುತೂಹಲಕರ. ಚಹಾ ಎಲೆಯಲ್ಲಿ ಥಿಯನೈನ್ ಎಂಬ ಒಂದು ಅಮೈನೋ ಆಮ್ಲವಿದೆ; ಕ್ಯೋಟೋದಲ್ಲಿ 1949ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಸಕಾಟೋ ಯಾಜಿರೊ ಎಂಬ ವಿಜ್ಞಾನಿ. ಬಸ್ಸಾರಿಗೆಂದು ಬಸಿದ ಕಾಳಿನ ಕಟ್ಟಿನಲ್ಲಿ, ಉಪ್ಪು ಹುಳಿ ಖಾರ ಯಾವುದೂ ಸೇರುವ ಮೊದಲೇ, ನಾಲಗೆಯನ್ನು ತುಂಬಿಕೊಳ್ಳುವ ಒಂದು ರಸವಿರುತ್ತದಲ್ಲ, ಜಪಾನೀಯರು ಉಮಾಮಿ ಎಂದು ಕರೆಯುವುದು ಅದಕ್ಕೆ ಹತ್ತಿರದ ರುಚಿಯನ್ನು. ಚಹಾಕ್ಕೆ ಆ ರುಚಿ ಬರುವುದರಲ್ಲಿ ಥಿಯನೈನಿನ ಪಾತ್ರ ದೊಡ್ಡದು. ಬಿಸಿಲು ತಾಗುತ್ತ ಹೋದಂತೆ ಗಿಡ ಥಿಯನೈನನ್ನು ಬಳಸಿಕೊಂಡು ಕೆಟೆಚಿನ್ ಎಂಬ ಒಗರು ವಸ್ತುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆದ್ದರಿಂದ ಕೊಯ್ಲಿಗೆ ಮುನ್ನ ಸುಮಾರು 20 ದಿನ ಗಿಡಗಳ ಮೇಲೆ ಚಪ್ಪರ ಹಾಕಿ ಬಿಸಿಲು ತಡೆದರೆ ರುಚಿ ಉಳಿಯುತ್ತದೆ, ಒಗರು ತಗ್ಗುತ್ತದೆ, ಎಲೆ ಕಡುಹಸಿರಾಗುತ್ತದೆ. ಹೀಗೆ ಬೆಳೆದ ಇಡಿಯೆಲೆಯ ಚಹಾವೇ ಗ್ಯೊಕುರೊ. ಅದೇ ರೀತಿ ನೆರಳಿನಲ್ಲಿ ಬೆಳೆದ ಎಲೆಯನ್ನು ಹೊಸೆಯದೆ ಒಣಗಿಸಿ, ನಾರು ತೆಗೆದು, ಬೀಸುವ ಕಲ್ಲಿನಲ್ಲಿ ನುಣ್ಣಗೆ ಬೀಸಿದರೆ ಮಾಚಾ. ಇವೆರಡರ ಬೆಲೆ ಏರುವುದು ಆ ಚಪ್ಪರ ಮತ್ತು ಬೀಸುವ ಕಲ್ಲಿನ ದುಡಿಮೆಯಿಂದ. ಬರಿಯ ಹಸಿರು ಚಹಾಪುಡಿಯನ್ನು ಮಾಚಾ ಎಂದು ಮಾರುವುದೂ ಉಂಟು; ಅಂಥದ್ದು ಮಂಕಾದ ಹಳದಿ ಹಸಿರಾಗಿರುತ್ತದೆ, ಬೆರಳಲ್ಲಿ ಉಜ್ಜಿದರೆ ತರಿ ಸಿಗುತ್ತದೆ. ನಿಜವಾದದ್ದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ.

ಋತುವಿನ ಮಾತು ಸರಳ. ಚಳಿಗಾಲವಿಡೀ ಮಲಗಿದ್ದ ಗಿಡ ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಹೊರಡಿಸುವ ಮೊದಲ ಚಿಗುರಿನಲ್ಲಿ ಥಿಯನೈನ್ ಹೇರಳವಾಗಿರುತ್ತದೆ. ಅವರ ಪಂಚಾಂಗದಲ್ಲಿ ವಸಂತಾರಂಭದಿಂದ ಎಂಬತ್ತೆಂಟನೆಯ ದಿನ, ಅಂದರೆ ಮೇ 2ರ ಸುಮಾರು, ಹೊಸ ಚಹಾದ ಕೊಯ್ಲಿಗೆ ಪ್ರಶಸ್ತವೆಂದು ಎಣಿಕೆ. ಜೂನ್ ಹೊತ್ತಿಗೆ ಬರುವ ಎರಡನೆಯ ಕೊಯ್ಲಿನಲ್ಲಿ ಒಗರು ಹೆಚ್ಚು, ಬೆಲೆ ಕಡಿಮೆ. ಬಲಿತ ಎಲೆಯ ಒರಟು ಚಹಾಕ್ಕೆ ಬಂಚ ಎಂದು ಹೆಸರು. ನಮ್ಮಲ್ಲಿ ಮೊದಲ ಕೊಯ್ಲಿನ ಸೊಪ್ಪಿಗೂ ಕೊನೆಯ ಕೊಯ್ಲಿನ ಸೊಪ್ಪಿಗೂ ಇರುವ ಅಂತರವೇ ಇದು. ಬಂಚವನ್ನು ಹೀನವೆಂದು ತಳ್ಳಬೇಕಾಗಿಲ್ಲ. ಅಲ್ಲಿನ ಮನೆಮನೆಗಳ ದಿನನಿತ್ಯದ ಚಹಾ ಅದು. ಅದನ್ನು ಹುರಿದರೆ ಹೋಜಿಚ, ಹುರಿದ ಅಕ್ಕಿ ಬೆರೆಸಿದರೆ ಗೆನ್ಮೈಚ. ಪುರಿ ತಿನ್ನುವ ನಮ್ಮ ಬಾಯಿಗೆ ಗೆನ್ಮೈಚ ಬಹುಬೇಗ ಒಗ್ಗುತ್ತದೆಂದು ನನ್ನ ಊಹೆ.

ಸೀಮೆಗಳಲ್ಲಿ ಮೊದಲು ಹೇಳಬೇಕಾದದ್ದು ಫುಜಿ ಪರ್ವತದ ಸೀಮೆಯಾದ ಶಿಜುಒಕ. ಅಲ್ಲಿನ ಮಕಿನೊಹರ ಪ್ರಸ್ಥಭೂಮಿಯನ್ನು ಹಸನು ಮಾಡಿ ಚಹಾ ನೆಟ್ಟವರು, 1868ರ ರಾಜಕೀಯ ಪಲ್ಲಟದಲ್ಲಿ ಕೆಲಸ ಕಳೆದುಕೊಂಡ ತೊಕುಗವ ದೊರೆಗಳ ಯೋಧರು. ಕತ್ತಿ ಹಿಡಿದ ಕೈಗಳು ಗುದ್ದಲಿ ಹಿಡಿದುವು. ಜಪಾನಿನ ಚಹಾ ತೋಟಗಳ ಬಹುಭಾಗವನ್ನು ಆವರಿಸಿರುವ ಯಾಬುಕಿತ ಎಂಬ ತಳಿಯನ್ನು 1908ರಲ್ಲಿ ಸುಗಿಯಾಮ ಹಿಕೊಸಬುರೊ ಆರಿಸಿದ್ದೂ ಇದೇ ಸೀಮೆಯಲ್ಲಿ. ಸುದೀರ್ಘ ಕಾಲ ಉತ್ಪಾದನೆಯಲ್ಲಿ ಮೊದಲ ಸ್ಥಾನದಲ್ಲಿದ್ದ ಶಿಜುಒಕವನ್ನು 2024ರಲ್ಲಿ ದಕ್ಷಿಣದ ಕಗೊಶಿಮ ಹಿಂದೆ ಹಾಕಿತು. ಕಗೊಶಿಮದ್ದು ಜ್ವಾಲಾಮುಖಿಯ ಬೂದಿಮಣ್ಣು, ಬೆಚ್ಚನೆಯ ಹವೆ, ಸಮತಟ್ಟಾದ ತೋಟ, ಯಂತ್ರದ ಕೊಯ್ಲು. ಚಿಗುರು ಬೇಗ ಬರುತ್ತದೆ, ಪಾನೀಯ ದಟ್ಟವಾಗಿರುತ್ತದೆ. ಕ್ಯೋಟೋ ಬಳಿಯ ಉಜಿ, ಮಾಚಾ ಮತ್ತು ಗ್ಯೊಕುರೊಗಳ ಪುರಾತನ ನೆಲೆ. ಫುಕುಒಕದ ಯಾಮೆ ಗ್ಯೊಕುರೊಗೆ ಹೆಸರಾದುದು. ಉತ್ತರದ ಸಯಾಮದಲ್ಲಿ ಚಳಿ ಹೆಚ್ಚು, ಎಲೆ ದಪ್ಪ, ರುಚಿ ಗಾಢ. ಸಾಗಾ ಪ್ರಾಂತದ ಉರೆಶಿನೊದಲ್ಲಿ ಮಾತ್ರ ಚೀನೀ ಕ್ರಮದಂತೆ ಬಾಣಲೆಯಲ್ಲಿ ಹುರಿಯುವ ಹಳೆಯ ಪದ್ಧತಿ ಸ್ವಲ್ಪ ಉಳಿದುಕೊಂಡಿದೆ. ಅಲ್ಲಿನ ಎಲೆ ಸೂಜಿಯಂತೆ ನೇರವಾಗಿರದೆ ಸುರುಳಿಯಾಗಿರುತ್ತದೆ.

ಹಾಗಾದರೆ ಜಪಾನಿನದೇ ಮೇಲೋ? ಅಲ್ಲಿನ ಗಿಡ ಚೀನೀ ಜಾತಿಯ ಸಣ್ಣ ಎಲೆಯದು. ನೀಲಗಿರಿಯ ತೋಟಗಳಲ್ಲಿ ಅಸ್ಸಾಮಿನ ದೊಡ್ಡೆಲೆಯ ರಕ್ತವೂ ಬೆರೆತಿದೆ. ಅದರಲ್ಲಿ ಕೆಟೆಚಿನ್ ಹೆಚ್ಚು, ಆದ್ದರಿಂದ ಹಸಿರು ಚಹಾ ಮಾಡಿದಾಗ ಒಗರೂ ಹೆಚ್ಚು. ರುಚಿಯ ನಯ ಬೇಕೆಂದರೆ ಶಿಜುಒಕದ ಸೆಂಚಕ್ಕೆ ಸಾಟಿಯಿಲ್ಲ. ಆದರೆ ಕೆಟೆಚಿನ್‌ಗಾಗಿ ಹಸಿರು ಚಹಾ ಕುಡಿಯುವವರು ಅದಕ್ಕಾಗಿ ಜಪಾನಿನವರೆಗೆ ಹೋಗಬೇಕಾದ ಅಗತ್ಯವಿಲ್ಲ. ಮಸಿನಗುಡಿಯ ಆಚೆಯ ಬೆಟ್ಟದಲ್ಲಿ ಅದು ಧಾರಾಳವಾಗಿದೆ. ಹತ್ತು ಪಟ್ಟು ಹಣ ತೆತ್ತು ಹಳಸಿದ ಸೆಂಚ ತರಿಸುವುದಕ್ಕಿಂತ ಹೊಸದಾದ ನೀಲಗಿರಿ ಎಲೆ ಕೊಳ್ಳುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಕೊಳ್ಳುವಾಗ ನೋಡಬೇಕಾದದ್ದು

ಅರಿಶಿನದ ಕೊಂಬನ್ನು ಮುರಿದು ಒಳಬಣ್ಣ ನೋಡುವವರಿಗೆ ಚಹಾ ಪರೀಕ್ಷೆ ಕಷ್ಟವಲ್ಲ. ಅಂಗೈಯಲ್ಲಿ ಸ್ವಲ್ಪ ಎಲೆ ಹರಡಿ. ಒಳ್ಳೆಯ ಎಲೆಯ ಬಣ್ಣದಲ್ಲಿ ಜೀವ ಇರುತ್ತದೆ, ಮೇಲೆ ಸಣ್ಣ ಹೊಳಪಿರುತ್ತದೆ. ಕಂದು ಅಥವಾ ಬೂದು ಬಣ್ಣ ಹಳತಾದುದರ ಗುರುತು. ಸೆಂಚವಾದರೆ ಸೂಜಿಯಂತೆ ಬಿಗಿಯಾಗಿ ಹೊಸೆದಿರಬೇಕು. ನೀಲಗಿರಿಯದಾದರೆ ತಿರುಚಿದ ಇಡಿಯೆಲೆ ಇರಬೇಕು. ಬಿಸಿನೀರಿನಲ್ಲಿ ನೆನೆದು ಬಿಚ್ಚಿಕೊಂಡಾಗ ಎಲೆಯ ಆಕಾರ ಕಾಣಬೇಕು. ಕಡ್ಡಿ, ದೂಳು ಹೆಚ್ಚಿದ್ದರೆ ಕೆಳದರ್ಜೆ. ಫುಕಮುಶಿ ಮಾತ್ರ ಇದಕ್ಕೆ ಹೊರತು, ಅದು ಸ್ವಭಾವದಿಂದಲೇ ಪುಡಿ. ಅಂಗೈಯ ಎಲೆಯ ಮೇಲೆ ಬಿಸಿಯುಸಿರು ಬಿಟ್ಟು ಮೂಸಿ ನೋಡಿ. ಬೇಯಿಸಿದ ಸೊಪ್ಪಿನ, ಹಸಿಕಾಳಿನ ಪರಿಮಳ ಬಂದರೆ ಸರಿ, ಒಣಹುಲ್ಲು ಅಥವಾ ಹಳೆಯ ಎಣ್ಣೆಯ ವಾಸನೆ ಬಂದರೆ ಬೇಡ.

ಪೊಟ್ಟಣದ ಮೇಲೆ ಓದಬೇಕಾದದ್ದು ತಯಾರಾದ ಅಥವಾ ಪೊಟ್ಟಣ ಕಟ್ಟಿದ ದಿನಾಂಕ. ಕಪ್ಪು ಚಹಾ ಎರಡು ವರ್ಷ ತಾಳುತ್ತದೆ. ಹಸಿರು ಚಹಾದ ಸೊಗಸು ಆರು ತಿಂಗಳಲ್ಲಿ ಇಳಿಯತೊಡಗುತ್ತದೆ. ಗಾಳಿ, ಬೆಳಕು, ತೇವ, ಬಿಸಿ ನಾಲ್ಕೂ ಅದರ ವೈರಿಗಳು. ಗಾಜಿನ ಭರಣಿಯಲ್ಲಿ ಕಿಟಕಿಯ ಬಳಿ ಇಟ್ಟ ಚಹಾವನ್ನು ಎಂದೂ ಕೊಳ್ಳಬೇಡಿ. ಮನೆಯಲ್ಲಿಯೂ ಒಲೆಯ ಮೇಲಿನ ಗೂಡಿನಲ್ಲಿ, ಇಂಗು ಸಾರಿನಪುಡಿಗಳ ಪಕ್ಕದಲ್ಲಿ ಇಡಬಾರದು. ಚಹಾ ನೆರೆಹೊರೆಯ ವಾಸನೆಯನ್ನೆಲ್ಲ ಹೀರುತ್ತದೆ. ಅರ್ಧ ಕಿಲೋ ಕೊಂಡದ್ದೇ ನನ್ನ ತಪ್ಪು. ನೂರು ಗ್ರಾಂ ತರಬೇಕು, ಮುಗಿದ ಮೇಲೆ ಮತ್ತೆ ತರಬೇಕು.

ಎಷ್ಟೋ ಸಲ ಎಲೆ ಚೆನ್ನಾಗಿದ್ದೂ ಕುಡಿಯುವಂತಿರುವುದಿಲ್ಲ. ಕಾರಣ ನಮ್ಮ ನೀರು ಮತ್ತು ನಮ್ಮ ಅಭ್ಯಾಸ. ಈ ಭಾಗದ ಕೊಳವೆಬಾವಿಯ ಗಡಸು ನೀರಿನಲ್ಲಿ ಹಸಿರು ಚಹಾ ಮಂಕಾಗುತ್ತದೆ. ಶುದ್ಧೀಕರಿಸಿದ ನೀರು ಅಥವಾ ಶೇಖರಿಸಿ ಸೋಸಿದ ಮಳೆನೀರು ಉತ್ತಮ. ಅಭ್ಯಾಸವೆಂದರೆ ಎಲ್ಲವನ್ನೂ ಕುದಿಸುವುದು. ಕುದಿನೀರು ಒಗರನ್ನೂ ಕೆಫೀನನ್ನೂ ಒಮ್ಮೆಲೇ ಎಳೆದುಬಿಡುತ್ತದೆ. ಸೆಂಚಕ್ಕೆ, ನೀಲಗಿರಿಯ ಹಸಿರೆಲೆಗೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ಸಾಕು, ಗ್ಯೊಕುರೊಗೆ 50–60. ಉಷ್ಣಮಾಪಕ ಬೇಕಾಗಿಲ್ಲ. ಕುದಿದ ನೀರನ್ನು ಒಂದು ಲೋಟದಿಂದ ತಣ್ಣನೆಯ ಇನ್ನೊಂದು ಲೋಟಕ್ಕೆ ಸುರಿದರೆ ಪ್ರತಿ ಸಲವೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಇಳಿಯುತ್ತದೆ. ಎರಡು ಮೂರು ಸಲ ಹೀಗೆ ಮಾಡಿ, ಸಣ್ಣ ಲೋಟಕ್ಕೆ ಒಂದು ಚಹಾ ಚಮಚ ಎಲೆಯಂತೆ ಹಾಕಿ, ಒಂದು ಒಂದೂವರೆ ನಿಮಿಷ ಮುಚ್ಚಿಟ್ಟು ಪೂರ್ತಿಯಾಗಿ ಸೋಸಿಬಿಡಿ. ಎಲೆಯನ್ನು ಎಸೆಯಬೇಡಿ, ಇನ್ನೊಂದೆರಡು ಸಲ ರಸ ಬಿಡುತ್ತದೆ. ಹಾಲು ಬೇಡ. ಸಕ್ಕರೆ, ಬೆಲ್ಲ ಹಾಕಿದರೆ ಮಧುಮೇಹಿಗಳು ಹಸಿರು ಚಹಾ ಹಿಡಿದ ಉದ್ದೇಶವೇ ಕೆಡುತ್ತದೆ.

ಔಷಧಿಯೇ, ಪಾನೀಯವೇ?

ಈಗ ಎರಡನೆಯ ಪ್ರಶ್ನೆ. ಹಸಿರು ಚಹಾದಲ್ಲಿ ಗುಣವಿಲ್ಲವೆನ್ನಲಾಗದು. ಇದರ ಕೆಟೆಚಿನ್‌ಗಳನ್ನು 1929ರಲ್ಲಿ ಬೇರ್ಪಡಿಸಿದವರು ಮಿಚಿಯೊ ತ್ಸುಜಿಮುರ ಎಂಬ ಮಹಿಳೆ. ಕೃಷಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಸ್ತ್ರೀ ಅವರೇ. ಜಪಾನಿನ ಮಿಯಾಗಿ ಪ್ರಾಂತದ ಒಸಾಕಿಯಲ್ಲಿ 40,530 ಮಂದಿಯನ್ನು 11 ವರ್ಷ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ, ಒಂದಕ್ಕಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ, ಮರಣದ ಪ್ರಮಾಣ ಪುರುಷರಲ್ಲಿ ಶೇ. 12, ಮಹಿಳೆಯರಲ್ಲಿ ಶೇ. 23ರಷ್ಟು ಕಡಿಮೆಯಿತ್ತು, ಹೃದಯ ಮತ್ತು ರಕ್ತನಾಳದ ಕಾಯಿಲೆಗಳಲ್ಲಿ ಈ ಅಂತರ ಸ್ಪಷ್ಟವಾಗಿತ್ತು, ಕ್ಯಾನ್ಸರಿನಲ್ಲಿ ಯಾವ ಅಂತರವೂ ಕಾಣಲಿಲ್ಲ. ಇದು ಜನರ ಬದುಕನ್ನು ದೂರದಿಂದ ಗಮನಿಸಿದ ಅಧ್ಯಯನ. ಚಹಾ ಕುಡಿಯುವವರ ಊಟ, ನಡಿಗೆ, ಸ್ವಭಾವಗಳೂ ಬೇರೆಯಾಗಿರಬಹುದು. ತೂಕ ಇಳಿಸುವ ವಿಚಾರದಲ್ಲಿ 2012ರ ಕೊಕ್ರೇನ್ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ, ಇಳಿಕೆ ತೀರ ಅಲ್ಪ, ಲೆಕ್ಕಕ್ಕೆ ಬರುವಂಥದ್ದಲ್ಲ ಎಂದಿತು. ಹಸಿರು ಚಹಾ ಹಿಡಿದು ಮಧುಮೇಹದ ಮಾತ್ರೆ ಬಿಟ್ಟವರನ್ನು ನಾನು ಬಲ್ಲೆ. ಮೂರು ತಿಂಗಳಲ್ಲಿ ಕಾಲಿನ ಗಾಯ ಮಾಯದೆ ಅವರು ಆಸ್ಪತ್ರೆ ಸೇರಿದರು. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಮಾತನ್ನು, ವಿಶೇಷವಾಗಿ ತಾಯಂದಿರಿಗೆ, ಒತ್ತಿ ಹೇಳಬೇಕಾಗಿದೆ. ನಾವು ಸಸ್ಯಾಹಾರಿಗಳು. ನಮಗೆ ದೊರೆಯುವ ಕಬ್ಬಿಣದ ಅಂಶವೆಲ್ಲ ರಾಗಿ, ಸೊಪ್ಪು, ಕಾಳುಗಳಿಂದ ಬರಬೇಕಾದದ್ದು, ಮತ್ತು ಅದನ್ನು ಶರೀರ ಹೀರಿಕೊಳ್ಳುವುದೇ ಕಷ್ಟದಿಂದ. ಚಹಾದ ಒಗರು ವಸ್ತುಗಳು ಕರುಳಿನಲ್ಲಿ ಆ ಕಬ್ಬಿಣವನ್ನು ಕಟ್ಟಿಹಾಕಿ ಹೊರಕ್ಕೆ ಸಾಗಿಸುತ್ತವೆ. ಅನ್ನ, ರೊಟ್ಟಿಗಳೊಂದಿಗೆ ಚಹಾ ಕುಡಿದರೆ ಕಬ್ಬಿಣ ಹೀರಿಕೆ ಕುಗ್ಗುತ್ತದೆಂದು 1975ರಷ್ಟು ಹಿಂದೆಯೇ ಪರೀಕ್ಷಿಸಿ ತೋರಿಸಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಊಟ ಮುಗಿಸಿ ಕೈ ತೊಳೆದ ಕೂಡಲೇ ಜೀರ್ಣಕ್ಕೆ ಒಳ್ಳೆಯದೆಂದು ಹಸಿರು ಚಹಾ ಕುಡಿಯುವ ರೂಢಿ ಈಗ ಹಳ್ಳಿಗಳಿಗೂ ಬಂದಿದೆ. ಅಂಗನವಾಡಿಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಅದೇ ಚಹಾದೊಂದಿಗೆ ನುಂಗುವ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಮಾತ್ರೆ ನುಂಗಿಯೂ ರಕ್ತ ಏರುತ್ತಿಲ್ಲವೆಂದು ಅವರ ಮನೆಯವರು ಮಾತ್ರೆಯನ್ನೇ ದೂರುತ್ತಾರೆ. ಊಟಕ್ಕೂ ಮಾತ್ರೆಗೂ ಚಹಾಕ್ಕೂ ನಡುವೆ ಕನಿಷ್ಠ ಒಂದು ಗಂಟೆಯ ಅಂತರವಿರಲಿ. ಊಟದಲ್ಲಿ ನಿಂಬೆ, ನೆಲ್ಲಿಕಾಯಿ ಇದ್ದರೆ ಕಬ್ಬಿಣಕ್ಕೆ ಅನುಕೂಲ.

ಬೆಳಗಿನ ಪೂಜೆ ಮುಗಿಯುವವರೆಗೆ ಏನನ್ನೂ ಸೇವಿಸದೆ, ಅನಂತರ ಬರಿಹೊಟ್ಟೆಯಲ್ಲಿ ಮೊದಲು ಹಸಿರು ಚಹಾ ಕುಡಿಯುವವರಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಆಮ್ಲಪಿತ್ತ ಇರುವವರಿಗೆ ಉರಿ ಹೆಚ್ಚುತ್ತದೆ. ಅವರು ಸ್ವಲ್ಪ ತಿಂಡಿ ತಿಂದು, ಅಂತರ ಕೊಟ್ಟು ಕುಡಿಯುವುದು ವಿಹಿತ. ಕೆಫೀನ್ ಇದರಲ್ಲಿಲ್ಲವೆಂದು ತಿಳಿಯುವುದೂ ತಪ್ಪು. ಜಪಾನಿನ ಆಹಾರ ಕೋಷ್ಟಕದಂತೆ ನೂರು ಮಿಲಿಲೀಟರ್ ಸೆಂಚದಲ್ಲಿ 20 ಮಿಲಿಗ್ರಾಂ, ಕಾಫಿಯಲ್ಲಿ 60, ದಟ್ಟವಾಗಿ ಇಳಿಸುವ ಗ್ಯೊಕುರೊದಲ್ಲಿ 160 ಮಿಲಿಗ್ರಾಂ ಕೆಫೀನ್ ಇರುತ್ತದೆ. ಗರ್ಭಿಣಿಯರು, ನಿದ್ರೆ ಬಾರದ ಹಿರಿಯರು ಮಿತಿ ಕಾಯಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರು, ರಕ್ತದೊತ್ತಡಕ್ಕೆ ನಾಡೋಲಾಲ್ ಸೇವಿಸುವವರು ವೈದ್ಯರನ್ನು ಕೇಳದೆ ಹಸಿರು ಚಹಾವನ್ನಾಗಲಿ ಮಾಚಾವನ್ನಾಗಲಿ ರೂಢಿಸಿಕೊಳ್ಳಬಾರದು.

ಹಸಿರು ಚಹಾದ ಸಾರವನ್ನು ತುಂಬಿದ ಗುಳಿಗೆಗಳ ಬಗ್ಗೆ ಮಾತ್ರ ನನ್ನದು ಖಂಡಿತವಾದ ಮಾತು: ಕೊಳ್ಳಬೇಡಿ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚಿನ ಪ್ರಮಾಣದಲ್ಲಿ ಇ.ಜಿ.ಸಿ.ಜಿ. ಎಂಬ ಕೆಟೆಚಿನನ್ನು ಗುಳಿಗೆಯಾಗಿ ಸೇವಿಸಿದಾಗ ಯಕೃತ್ತಿಗೆ ತೊಂದರೆಯ ಲಕ್ಷಣಗಳು ಕಾಣಿಸಿಕೊಳ್ಳುತ್ತವೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಎಲೆಯಿಂದ ಇಳಿಸಿ ಕುಡಿಯುವ ಎರಡು ಮೂರು ಲೋಟದಿಂದ ಆರೋಗ್ಯವಂತರಿಗೆ ಇಂಥ ಭಯವಿಲ್ಲ.

ನನ್ನ ಆ ಅರ್ಧ ಕಿಲೋ ಪೊಟ್ಟಣದ ಗತಿ ಏನಾಯಿತೆಂದು ಕೇಳುವವರಿಗಾಗಿ ಹೇಳುತ್ತೇನೆ. ಹಳಸಿದ ಹಸಿರು ಚಹಾವನ್ನು ಜಪಾನೀ ಗೃಹಿಣಿಯರು ಬಿಸಾಡುವುದಿಲ್ಲ, ಮನೆಯಲ್ಲಿಯೇ ಹುರಿದು ಹೋಜಿಚ ಮಾಡಿಕೊಳ್ಳುತ್ತಾರೆಂದು ಆ ಯುವಕನೇ ತಿಳಿಸಿದ. ಎಣ್ಣೆ ಸೋಕದ ಬಾಣಲೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎರಡು ಹಿಡಿ ಎಲೆ ಹಾಕಿ, ಕೊತ್ತಂಬರಿ ಬೀಜ ಹುರಿಯುವಂತೆ ಕೈಬಿಡದೆ ಆಡಿಸಿದೆವು. ಮೂರ್ನಾಲ್ಕು ನಿಮಿಷಗಳಲ್ಲಿ ಎಲೆ ಕೆಂಪಡರಿ, ಮನೆಯೆಲ್ಲ ಹುರಿಗಡಲೆಯಂಥ ಘಮ. ಹೋಜಿಚಕ್ಕೆ ಕುದಿನೀರನ್ನೇ ಹೊಯ್ಯಬಹುದು. ಸಂಜೆಯ ಹೊತ್ತು ನಮ್ಮ ತಾಯಿಯವರು ಈಗ ಕೇಳಿ ಕುಡಿಯುವುದು ಅದನ್ನೇ. ಪೊಟ್ಟಣ ಅರ್ಧ ಖಾಲಿಯಾಗಿದೆ.